ಮೊದಲ ಪಾಸ್

ನವೆಂಬರ್ 9, ಮದ್ದೂರು

ಪ್ರಾಕ್ಟೀಸಿಗೆ ಮೊದಲು, ಎಂದಿನಂತೆ, ನಿನ್ನೆಯ ಅಂಕಿಅಂಶ ಚಲುವರಾಜು ಸರ್ ಕೈಗೆ ಕೊಟ್ಟೆ. ಹುಡುಗಿಯರ ವಾಲಿಬಾಲ್ ಟೀಮಿಗೆ ಅವರು ಕೋಚ್. ಆಟದಲ್ಲಿ ಮಂಡಿ ಹೋದ ಮೇಲೆ ನಾನು ಬರೀ ಲೆಕ್ಕದವನು. ದುದ್ದ ಊರಿನವರ ಎದುರು ಮ್ಯಾಚು ಸೋತಿದ್ದೆವು. ಸರ್ ನಮ್ಮ ಸ್ಮ್ಯಾಶರ್ ಅಮೃತಳ ಸಾಲು ಜೋರಾಗಿ ಓದಿದರು.

"ಇಪ್ಪತ್ತೆರಡು ಸ್ಮ್ಯಾಶು. ಐದು ಪಾಯಿಂಟು, ಎಂಟು ತಪ್ಪು. ಮೈನಸ್ಸು ಕಣಮ್ಮಿ, ಮೈನಸ್ಸು!"

ಬಿದಿರು ಕೋಲು. ಮೀನಖಂಡದ ಮೇಲೆ. ಕೋಲು ಸೀಳಿತು, ಚರ್ಮವೂ. ಅಮೃತ ಅಳಲಿಲ್ಲ. ಸಾಕ್ಸ್ ಮೇಲೆಳೆದುಕೊಂಡಳು. ಬಿಳಿ ಸಾಕ್ಸು... ಕೆಂಪಾಯಿತು.

ನವೆಂಬರ್ 10

ಫೋನಿನಲ್ಲಿ ಮ್ಯಾಚು ಮತ್ತೆ ನೋಡಿದೆ. ಎದುರಿನವರ ಸರ್ವ್ ತೆಗೆದ ಮೊದಲ ಪಾಸ್ ಚೆನ್ನಾಗಿ ಬಂದಾಗ ಅಮೃತ ಹೊಡೆದದ್ದು ಏಳು – ನಾಲ್ಕು ಪಾಯಿಂಟು, ಒಂದೇ ತಪ್ಪು. ಮಿಕ್ಕ ಹದಿನೈದೂ ಕೆಟ್ಟ ಪಾಸು. ಲಿಫ್ಟರ್ ಓಡಿಹೋಗಿ ಹೇಗೋ ಎತ್ತಿಕೊಟ್ಟ ಬಾಲು. ಎದುರಿಗೆ ಇಬ್ಬರು ಬ್ಲಾಕು. ಯಾರು ಹೊಡೆದರೂ ಅಷ್ಟೇ. ಅವಳ ತಪ್ಪಲ್ಲ. ನಾಳೆ ಹೇಳುತ್ತೇನೆ.

ನವೆಂಬರ್ 11

ಹೇಳಿದೆ.

"ಪಾಸ್ ಕೆಡ್ಸಿದ್ದು ಯಾರ್ಲಾ?"

"ಜಾಸ್ತಿ... ಶ್ವೇತ, ಸರ್."

ಶ್ವೇತ ಸರ್ ಮಗಳು. ಮನೆ ಮಗಳು, ಬೈದು ಬಿಡುತ್ತಾರೆ ಅಂದುಕೊಂಡಿದ್ದೆ. ಕರೆದರು. ಕಪಾಳಕ್ಕೆ ಒಂದು. ಬಿದ್ದಳು. ಜಡೆ ಹಿಡಿದು ಎಬ್ಬಿಸಿ ಅದೇ ಕಿವಿಗೆ ಇನ್ನೊಂದು, ಮತ್ತೊಂದು. ಕಿವಿಯಿಂದ ರಕ್ತ ಇಳಿದು ಜರ್ಸಿಯ ಕಾಲರಿಗೆ ಹತ್ತಿತು. ಅವಳು ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ನವೆಂಬರ್ 19

ಶ್ವೇತ ಬಂದಳು. ಕಿವಿಯಲ್ಲಿ ಹತ್ತಿ. ಕಿವಿಯ ತಮಟೆ ಹರಿದಿದೆಯಂತೆ. ಬಾಲು ಬಡಿಯಿತು ಅಂತ ಮಂಡ್ಯದ ಡಾಕ್ಟರಿಗೆ ಸರ್ ಹೇಳಿಸಿದ್ದಾರೆ.

"ತಪ್ಪಾಯ್ತು ಕಣಮ್ಮ" ಅಂದೆ.

"ಇರ್ಲಿ ಬುಡಣ್ಣ. ಬಾಲೆಲ್ಲ ನನ್ ತಾವ್ಕೇ ಯಾಕ್ ಬತ್ತದೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಈಗ ನೋಡಿದೆ. ದುದ್ದದವರ ಅರವತ್ತೊಂದು ಸರ್ವಿನಲ್ಲಿ ಮೂವತ್ತೆಂಟು ಅವಳ ಕಡೆಗೇ. ಸರ್ವ್ ತೆಗೆಯಲು ಮೂವರು ಬೇಕಾದ ಕಡೆ ನಮ್ಮವರು ಇಬ್ಬರೇ. ಅರ್ಧ ಕೋರ್ಟು ಅವಳೊಬ್ಬಳದ್ದೇ. ಹಾಗೆ ನಿಲ್ಲಿಸಿದವರು ಸರ್.

ನವೆಂಬರ್ 24, ಮಳವಳ್ಳಿ

ಮೊದಲ ಸೆಟ್ ಹೋಯಿತು. ಎಲ್ಲರ ಎದುರೇ ಹೇಳಿದೆ – "ಶ್ವೇತ ಒಬ್ಳೇ ಎಷ್ಟು ಅಂತ ತಡೀತಾಳೆ ಸರ್? ಮೂವರ್ನ ನಿಲ್ಸಿ. ತಪ್ಪು ನಿಮ್ದೇ."

ಹೊಟ್ಟೆಗೆ ಒದ್ದರು. ಉಸಿರು ಸಿಗುವ ಹೊತ್ತಿಗೆ ಅಮೃತ ಹೇಳುತ್ತಿದ್ದಳು: "ನೀವು ಎಷ್ಟಾದ್ರೂ ಒಡ್ಕೊಳಿ ಸಾ. ನಾವು ಮೂವರೇ ನಿಂತ್ಕತೀವಿ."

ನಿಂತರು. ಎರಡನೇ ಸೆಟ್ ಗೆದ್ದರು. ಶ್ವೇತಳ ಪಾಸು ನೇರ ಲಿಫ್ಟರ್ ಕೈಗೆ, ಅಮೃತ ಹೊಡೆದದ್ದೆಲ್ಲ ನೆಲಕ್ಕೆ. ಜನ ಕೂಗುತ್ತಿದ್ದರು. ಸರ್ ಕೋರ್ಟಿನೊಳಗೆ ನುಗ್ಗಿ ಮಗಳ ಜಡೆಗೆ ಕೈ ಹಾಕಿದರು.

"ನನ್ ಮಾತ್ ಮೀರ್ತೀಯೇನೇ!"

ಕಬ್ಬಿಣದ ಕುರ್ಚಿ ಯಾವಾಗ ಎತ್ತಿಕೊಂಡೆನೋ. ಹೊಡೆದೆ. ಬಿದ್ದರು. ಬಿದ್ದ ಮೇಲೂ ಹೊಡೆದೆ. ಹಲ್ಲು ಸುಣ್ಣದ ಗೆರೆಯ ಮೇಲೆ ಬಿತ್ತು. ಹಿತವಾಗಿತ್ತು – ಅದನ್ನೂ ಬರೆಯಬೇಕು. ನಿಲ್ಲಿಸಿದವಳು ಶ್ವೇತ. ನನ್ನ ತೋಳಿಗೆ ಜೋತುಬಿದ್ದಳು.

"ಬುಡಣ್ಣ! ಸತ್ತೋಯ್ತನೆ! ಬುಡು!"

ನವೆಂಬರ್ 26

ಮೊನ್ನೆ ರಾತ್ರಿ ಠಾಣೆಯಲ್ಲೇ ಇಟ್ಟುಕೊಂಡಿದ್ದರು. ನಿನ್ನೆ ಜಾಮೀನು. ಬಲಗೈ ಊದಿದೆ, ಅಕ್ಷರ ಸೊಟ್ಟ. ಸರ್ ಆಸ್ಪತ್ರೆಯಲ್ಲಿ. ದವಡೆ ಮುರಿದಿದೆ, ಜೀವಕ್ಕೇನಿಲ್ಲ. ನನ್ನ ಮೇಲೆ ಕೇಸು. ಆಗಲಿ.

ಇವತ್ತು ಜಾಮೀನಿನ ಸಹಿಗೆ ಠಾಣೆಗೆ ಹೋದಾಗ ಶ್ವೇತ, ಅಮೃತ ಬಂದಿದ್ದರು, ದೂರು ಕೊಡಲು. ಕಾಲು, ಕಿವಿ, ಎಲ್ಲ ಹೇಳಿದರು. ಹಿಂದೆ ಶ್ವೇತಳ ತಾಯಿ ಮಂಗಳಮ್ಮ. ಗಂಡನ ಪರ ಮಾತಾಡಲು ಬಂದಿದ್ದಾರೆ ಅಂದುಕೊಂಡೆ. ಇನ್ಸ್‌ಪೆಕ್ಟರ್ ಮೇಡಂ ಕೂಡ ಹಾಗೇ ಅಂದುಕೊಂಡಿರಬೇಕು – "ನಿಮ್ದೇನಮ್ಮ?" ಅಂತ ಗದರಿದರು.

ಮಂಗಳಮ್ಮ ನನ್ನ ಕಡೆ ಒಮ್ಮೆ ನೋಡಿ ಗೋಡೆಗೆ ತಿರುಗಿದರು. ಬೆನ್ನ ಮೇಲಿನ ಸೆರಗು ಸರಿಸಿದರು. ಅಲ್ಲಿ ಬಿದಿರು ಕೋಲಿನ ಬಾಸುಂಡೆ, ಹಳೆಯವು, ಹೊಸವು.