ನೀಲಿ ಬಣ್ಣದ ನಾಲ್ಕು ಗುಂಡಿಗಳು

ಅಪ್ಪಾ,

ಅಕ್ಕನಿಗೆ ಹೆಣ್ಣುಮಗು! ಹತ್ತೂವರೆಗೆ ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯಲು ನಿಂತರೆ ನಿನಗೆ ಲೋಕವೇ ಬೇಡ.

ಮಗುವಿನ ಬಟ್ಟೆ ಒಯ್ಯಲು ಓಡಿ ಬಂದೆ. ನೋಡಿದರೆ ಬಾಗಿಲ ಪಕ್ಕದಲ್ಲಿ ಮನೆಯ ಕೀಲಿಕೈ ಇಡೋ ಪೆಟ್ಟಿಗೆಯ ನಂಬರನ್ನೇ ಬದಲಾಯಿಸಿದ್ದೀಯ! ನನಗೊಂದು ಮಾತು ಹೇಳಬಾರದಾ? "ಇದನ್ನ ಯಾರಪ್ಪನ ಕೈಲೂ ತೆಗೆಯೋಕಾಗಲ್ಲ" ಅಂತ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! ನಾನು ಅರ್ಧ ನಿಮಿಷದಲ್ಲಿ ತೆಗೆದೆ. ಬಣ್ಣದ ಕೈಯಲ್ಲೇ ಒತ್ತಿದ್ದೀಯ, ಹತ್ತು ಗುಂಡಿಗಳಲ್ಲಿ ನಾಲ್ಕರ ಮೇಲೆ ಮಾತ್ರ ನೀಲಿ. ಆ ಪೆಟ್ಟಿಗೆಗೋ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೆಲ್ಲ ಬೇಕಿಲ್ಲ. ನಾಲ್ಕನ್ನೂ ಒತ್ತಿದರೆ ಸಾಕು, ಬಾಯಿ ಬಿಡುತ್ತೆ. ನಿನ್ನನ್ನು ಬೈಯಬೇಕು ಅಂದುಕೊಂಡವಳು ನಗು ತಡೆಯಲಾಗದೆ ಹೊಸ್ತಿಲ ಮೇಲೇ ಕೂತುಬಿಟ್ಟೆ.

ಗುಂಡಿಗಳನ್ನು ಒರೆಸಿದ್ದೇನೆ. ಇನ್ನು ಮೇಲೆ ನೀನೂ ಒತ್ತಿದ ಕೂಡಲೇ ಒರೆಸು, ಕಳ್ಳನಿಗೂ ಕಣ್ಣಿರುತ್ತೆ.

ಇಸ್ತ್ರಿ ಮಾಡಿದ ಶರ್ಟು ಕುರ್ಚಿಯ ಮೇಲಿದೆ. ಸೀಮೆಎಣ್ಣೆ ಹಚ್ಚಿ ಕೈ ಉಜ್ಜಿ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದುಕೊಂಡೇ ಆಸ್ಪತ್ರೆಗೆ ಬಾ. ಇಲ್ಲದಿದ್ದರೆ ಮೊಮ್ಮಗಳನ್ನು ಎಲ್ಲೆಲ್ಲಿ ಮುದ್ದಿಸಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ.

ಇವತ್ತಿನಿಂದ ಚಿಕ್ಕಮ್ಮನಾದ,
ನಿನ್ನ ಕಿರಿಮಗಳು