ಫೋರ್ ಸ್ಟ್ರೋಕೇ ಇರಲಿ

ವೈಗೈ ಹಿನ್ನೀರು, ತೇನಿ ಜಿಲ್ಲೆ
12-8-2025

ಮಾಪಿಳ್ಳೆ ಮನೋಜ್‌ಕುಮಾರನಿಗೆ ಮಾಮ ತಂಗರಾಜನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ. ನೀನೂ ನಿನ್ನ ಹೆಂಡತಿ ಅಭಿರಾಮಿಯೂ ದಿಂಡಿಗಲ್‌ನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆಯಲು ಎರಡೂವರೆ ವರ್ಷ ತಡವಾಯಿತು. ಕೆಲಸದ ನೆಪ ಹೇಳಿದರೆ ನೀನು ನಗುತ್ತೀಯ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನೇ ಇಟ್ಟುಬಿಡುತ್ತೇನೆ. ನನ್ನ ಕೈಹಿಡಿದ ನಿಮ್ಮಕ್ಕ ಮುತ್ತುಮಾರಿಯ ಹೆಣದ ಮುಂದೆ, ಊರೆಲ್ಲ ಕೇಳುವ ಹಾಗೆ, ನಿನ್ನ ಅಂಗಡಿಯ ದೋಣಿ ಮೋಟಾರೇ ಅವಳನ್ನು ಕೊಂದಿತು ಎಂದವನು ನಾನು. ಅಂದು ಒಂದು ತೊಟ್ಟು ನೀರೂ ಕುಡಿಯದೆ ಹೋದ ನೀನು ಮತ್ತೆ ಇತ್ತ ತಲೆ ಹಾಕಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಈಗ ವ್ಯವಹಾರದ ಮಾತು. ಇಲ್ಲಿನ ಐದು ದೋಣಿಯವರು ಸೇರಿ ಒಂದು ಹೊಸ ಮೋಟಾರ್ ಕೊಳ್ಳಬೇಕೆಂದಿದ್ದೇವೆ. ಮೇವು, ಮೀನು, ಮದುವೆ ದಿಬ್ಬಣ ಎಲ್ಲವೂ ನಮ್ಮಲ್ಲಿ ದೋಣಿಯಲ್ಲೇ ದಾಟಬೇಕು. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಒಂದು ತಿಂಗಳಿಂದ ಪಂಚಾಯಿತಿ. ಟೂ ಸ್ಟ್ರೋಕ್ ಹಗುರ, ಒಬ್ಬನೇ ಹೆಗಲಿಗೇರಿಸಿಕೊಂಡು ಮನೆಗೆ ಒಯ್ಯಬಹುದು, ಕೆಟ್ಟರೆ ಮೊಪೆಡ್ ರಿಪೇರಿಯವನೂ ಬಿಚ್ಚುತ್ತಾನೆ. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ನಮ್ಮ ಪಕ್ಕದ ದೋಣಿಯ ಆಂಡಿ ಅಳತೆಯ ಲೋಟ ಬಿಟ್ಟು, ಸಾಂಬಾರಿಗೆ ಉಪ್ಪು ಹಾಕಿದ ಹಾಗೆ ಕೈಯಂದಾಜಿಗೆ ಹುಯ್ಯುತ್ತಾನೆ. ಹೆಚ್ಚಾದ ದಿನ ಹೊಗೆಯಲ್ಲಿ ಎದುರು ದಡವೇ ಕಾಣುವುದಿಲ್ಲ. ಫೋರ್ ಸ್ಟ್ರೋಕ್ ಭಾರ, ಎತ್ತಲು ಇಬ್ಬರು ಬೇಕು. ಆದರೆ ಎಣ್ಣೆ ಬೆರೆಸುವ ಗೋಜಿಲ್ಲ, ಅದು ಇಂಜಿನ್ನಿನ ತಳದಲ್ಲೇ ಬೇರೆ ನಿಂತಿರುತ್ತದೆ. ಪೆಟ್ರೋಲು ಕುಡಿಯುವುದು ಕಮ್ಮಿ, ಸದ್ದೂ ಕಮ್ಮಿ.

ಮೊನ್ನೆ ಹುಣಸೆ ಮರದಡಿ ಎಲ್ಲರೂ ಸೇರಿದಾಗ ನಾನು ಫೋರ್ ಸ್ಟ್ರೋಕೇ ಇರಲಿ, ಮನೋಜನ ಅಂಗಡಿಯಿಂದಲೇ ಬರಲಿ ಎಂದೆ. ಆಂಡಿ ತಕ್ಷಣ, "ಯಾಕಣ್ಣೇ, ಅದು ಮನೆ ಮುಳುಗ್ಸೋ ಮಿಷಿನ್ ಅಂತ ನೀನೇ ತಾನೆ ಹೇಳ್ದೆ? ಅಕ್ಕನ್ನ ಹಾವು ಕಚ್ಚಿದ ಹೊತ್ತಾರೆ ಸ್ಟಾರ್ಟ್ ಆಗ್ಲಿಲ್ಲ ತಾನೆ?" ಎಂದ. ಅಲ್ಲೇ ಕೂತಿದ್ದ ಊರ ಹಿರಿಯಳು ರಂಗಮ್ಮಾಳ್ ಅತ್ತೆ, "ತಂಗರಾಜುಗೆ ವಯಸಾಯ್ತು, ಮರ್ತುಬುಟ್ಟ" ಎಂದಳು. ನಾನು ಮರೆತಿಲ್ಲ. ಮೋಟಾರ್ ಓಡಿದ್ದರೆ ಕಾಲು ಗಂಟೆಯ ದಾರಿ. ಹುಟ್ಟು ಹಾಕಿ ದಾಟಲು ಒಂದೂಕಾಲು ಗಂಟೆ ಹಿಡಿಯಿತು. ತೇನಿಯ ಡಾಕ್ಟರು ಗಡಿಯಾರ ನೋಡಿ, ಅರ್ಧ ಗಂಟೆ ಮುಂಚೆ ತಂದಿದ್ದರೆ ಉಳಿಯುತ್ತಿದ್ದಳು ಎಂದರು.

ಮಗಳು ಕಾರ್ತಿಕಾ ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಬಳ್ಳಿ ಸವರುವ ಗಡಿಬಿಡಿಯಲ್ಲಿದ್ದಾಳೆ. ಅವಳ ಮಗುವಿಗೆ ಇನ್ನೂ ಕಿವಿ ಚುಚ್ಚಿಸಿಲ್ಲ. "ನಂಗೆ ಅಣ್ಣತಮ್ಮ ಇಲ್ಲ, ಮಡೀಲಿ ಕೂರ್ಸ್ಕೊಬೇಕಾದೋರು ಮನೋಜ ಮಾಮನೇ. ಅವರು ಬರ್ದೆ ಚುಚ್ಸೋದೇ ಇಲ್ಲ" ಎಂದು ಹಟ ಹಿಡಿದಿದ್ದಾಳೆ. ಹಟ ನಿಮ್ಮ ಮನೆಯ ಕಡೆಯಿಂದ ಬಂದದ್ದು. ಅವಳ ಮುಖ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಮೋಟಾರಿನ ಜೊತೆ ನೀನೇ ಬಾ, ಅಭಿರಾಮಿಯನ್ನೂ ಕರೆದುಕೊಂಡು ಬಾ. ನಿಮ್ಮ ಮನೆಯ ಒಲೆ ಆರದಿರಲಿ, ಅಂಗಡಿಯ ಬಾಗಿಲಲ್ಲಿ ಜನ ತುಂಬಿರಲಿ.

ಇಂತು ನಿನ್ನ ಮಾಮ,
ತಂಗರಾಜ್

ತಾ.ಕ.: ಆ ವರ್ಷ ಮಾಟ್ಟು ಪೊಂಗಲ್ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿದ ಮೇಲೆ, ಇದೂ ನಮಗೆ ದುಡಿಯುವ ಎತ್ತೇ ಎಂದು ಮೋಟಾರನ್ನೂ ಕೊಟ್ಟಿಗೆಗೆ ತಂದು, ಒರೆಸಿ, ಹುಲ್ಲಿನ ಮೇಲೆ ಮಲಗಿಸಿ ಅರಿಸಿನ ಕುಂಕುಮ ಇಟ್ಟೆ. ಫೋರ್ ಸ್ಟ್ರೋಕನ್ನು ಒಂದೇ ಮಗ್ಗುಲಲ್ಲಿ ಮಲಗಿಸಬೇಕು, ಇನ್ನೊಂದು ಮಗ್ಗುಲಾದರೆ ಎಣ್ಣೆ ಒಳಗಿಳಿದು ಇಂಜಿನ್ ಕಟ್ಟಿಕೊಂಡು ಸ್ಟಾರ್ಟ್ ಆಗುವುದಿಲ್ಲ ಎಂದು ತಂದ ದಿನವೇ ನೀನು ತೋರಿಸಿಕೊಟ್ಟಿದ್ದೆ. ಕುಂಕುಮ ಚೆನ್ನಾಗಿ ಕಾಣಲೆಂದು ನಾನು ಆ ಇನ್ನೊಂದು ಮಗ್ಗುಲಿಗೇ ಹೊರಳಿಸಿದೆ. ಬೆಳಗಿನವರೆಗೂ ಹಾಗೇ ಬಿದ್ದಿತ್ತು. ಆ ಹೊತ್ತಾರೆಯೇ ಮೇವಿಗೆ ಹೋದ ನಿಮ್ಮಕ್ಕನನ್ನು ಹಾವು ಕಚ್ಚಿತು, ಮೋಟಾರ್ ಎಷ್ಟು ಎಳೆದರೂ ತಿರುಗಲಿಲ್ಲ. ನಡುನೀರಿನಲ್ಲಿ ಹುಟ್ಟು ಹಾಕುತ್ತಾ ನಾನು ನಿನ್ನನ್ನು ಬಯ್ಯುತ್ತಿದ್ದೆ. ಅವಳು ಕಣ್ಣು ಬಿಟ್ಟು, "ಮಲಗ್ಸಿದ್ದು ನೀವು ತಾನೆ. ನನ್ನ ತಮ್ಮನ್ನ ಬಯ್ಯಬ್ಯಾಡಿ" ಎಂದಳು. ಅವಳಾಡಿದ ಕೊನೆಯ ಮಾತು ಅದು. ಅದನ್ನು ಕೇಳಿಸಿಕೊಂಡ ಮೇಲೂ ನಾನು ಊರ ಮುಂದೆ ನಿನ್ನ ಹೆಸರು ಹೇಳಿದೆ.