ಹೊಡೆದ ಲೆಕ್ಕ, ಓಡಿದ ಲೆಕ್ಕ

ಟ್ರೈನಿಂಗ್ ಸಾಲಿ, ಕಂಟೋನ್ಮೆಂಟ್,
ಬಳ್ಳಾರಿ
೧೮-೨-೧೯೫೧

ನನ್ನಕ್ಕ ದೊಡ್ಡಬಸಮ್ಮಗ ನಿನ್ನ ತಂಗಿ ಜಂಬಮ್ಮ ಮಾಡುವ ನಮಸ್ಕಾರ.

ನಾನು ಇಲ್ಲಿ ಆರಾಮ ಅದೀನಿ. ಕುರುಗೋಡಿನಾಗ ನೀನು, ಸುಂಕಪ್ಪ ಮಾವ, ನನ್ನ ಪಾರಿ ಎಲ್ಲಾರೂ ಆರಾಮ ಇದ್ದೀರಿ ಅಂತ ತಿಳಕೊಂಡೀನಿ. ನಿನ್ನ ಕಾಗದ ಬಂದು ತಿಂಗಳಾತು, ಉತ್ತರ ಬರೀಲಿಲ್ಲ ಅಂತ ಬೈಕೋಬ್ಯಾಡ. ಹೌದು ಇಲ್ಲ ಒಂದು ಗೊತ್ತಾಗ್ಲಿ ಅಂತ ತಡದಿದ್ದೆ. ಆತವ್ವಾ, ಆತು! ನಮ್ಮ ಟ್ರೈನಿಂಗ್ ಸಾಲಿಗೇ ಹತ್ತಿಕೊಂಡ ಹೆಣ್ಮಕ್ಕಳ ಸಾಲ್ಯಾಗ ಡ್ರಿಲ್ ಟೀಚರ್ ನೌಕರಿ ನನಗ ಆತು!

ಪಾರಿ ಅಪ್ಪ ತೀರಿಕೊಂಡ ಮ್ಯಾಲ ತೊಟ್ಟಿಲ ಕೂಸನ್ನ ನಿನ್ನ ಮಡ್ಲಾಗ ಹಾಕಿ ಓದಾಕ ಬಂದಾಕಿ ನಾನು. ಆವತ್ತು ನೀನು ಏನಂದಿದ್ದಿ? "ನಿನ್ನ ನೌಕರಿ ಆಲೂರು ಕಡೆ ಹಳ್ಳ್ಯಾಗ ಆದ್ರ ಕೂಸು ನಮ್ಮ ಹಂತ್ಯಾಕ ಇರ್ಲಿ. ಬಳ್ಳಾರ್ಯಾಗ ಆದ್ರ ಕರಕೊಂಡು ಹೋಗು" ಅಂದಿದ್ದಿ. ಈಗ ಬಳ್ಳಾರ್ಯಾಗ ಆಗೇತಿ, ಕರಕೊಂಡು ಹೋಗಾಕ ಬರ್ತೀನಿ.

ಹೆಂಗ ಆತು ಕೇಳು. ಮದ್ರಾಸಿನಿಂದ ಬಂದ ಡ್ರಿಲ್ ಟೀಚರಮ್ಮ ನಮಗ ಬೇಸ್‌ಬಾಲ್ ಅಂಬೋ ಆಟ ಕಲಿಸಿ, ಮದಿವಿ ಆಗಿ ಹೋದ್ಲು. ಆಕಿ ಜಾಗಾನೇ ಖಾಲಿ ಇತ್ತು. ಪಂದ್ಯಗಳಾಗ ಯಾರು ಚಲೋ ಹೊಡೀತಾರ ಅವರ ಹೆಸರು ಆ ನೌಕರಿಗೆ ಕಳಿಸ್ತೀನಿ ಅಂದ್ರು ಹೆಡ್‌ಮಿಸ್ಟ್ರೆಸ್ ತಿರುಮಲಮ್ಮನೋರು. ಕಡೀಗೆ ಉಳಿದಾಕೇರು ಇಬ್ರು, ನಾನು ಮತ್ತ ಸಿರುಗುಪ್ಪದ ಇಂದಿರಾಬಾಯಿ.

ಈ ಆಟದಾಗ ನಾಕು ಮೂಲಿ. ಚೆಂಡು ಹೊಡೆದು ಓಡಿ ಮೊದಲ್ನೇ ಮೂಲಿ ಮುಟ್ಟಿದ್ರ ಅದೊಂದು ಹೊಡೆತ. ನಾಕೂ ಸುತ್ತಿ ಬಂದ್ರ ಒಂದು ರನ್ನು. ಆದ್ರ ಸುತ್ತಿ ಬರಾಕ ನಿನ್ನ ಹಿಂದಿನಾಕಿನೂ ಹೊಡೀಬೇಕಲ್ಲ? ನನ್ನ ಹಿಂದ ಬರಾಕಿ ವೀರಭದ್ರಮ್ಮ! ಚೆಂಡು ಕಂಡ್ರ ಕಣ್ಣು ಮುಚ್ಚಿ "ಯವ್ವಾ" ಅಂತಾಳ. ನಾನು ಮೂಲ್ಯಾಗ ಗೂಟ ಬಡದಂಗ ನಿಂತಿರ್ತಿದ್ದೆ.

ಲೆಕ್ಕ ಬರಿಯೋರು ರಾಘಣ್ಣ ಮಾಸ್ತರು. ಸಣ್ಣಂದಿನಿಂದ ಕ್ರಿಕೆಟ್ ಆಡಿದ ಮನುಷ್ಯಾ, ರನ್ ಬಿಟ್ಟು ಬ್ಯಾರೆ ಲೆಕ್ಕ ಅವರ ತಲ್ಯಾಗ ಇಳಿಯಂಗಿಲ್ಲ. ಮೊನ್ನಿ ಬೋರ್ಡಿನ ಮ್ಯಾಲ ಬರದ್ರು: ಇಂದಿರಾಬಾಯಿ ಒಂಬತ್ತು ರನ್, ಜಂಬಮ್ಮ ಎರಡು. ನನಗ ಸಿಟ್ಟು ಬಂತು ನೋಡು!

"ಸರ್, ಎಷ್ಟು ಸಲ ಹೊಡೆದ್ಲು ಅಂತ ಎಣಸ್ರಿ. ಹಿಂದಿನಾಕಿ ಔಟಾದ್ರ ಅದು ನನ್ನ ತಪ್ಪೇನ್ರಿ?" ಅಂದೆ. ತಿರುಮಲಮ್ಮನೋರಿಗೆ ಅದು ಸರಿ ಕಂಡ್ತು. ಮಾಸ್ತರು ಮತ್ತ ಎಣಿಸಿದ್ರು. ಇಬ್ಬರಿಗೂ ಹೊಡಿಯೋ ಪಾಳಿ ಇಪ್ಪತ್ತಿಪ್ಪತ್ತು. ಇಂದಿರಾಬಾಯಿ ಹೊಡೆತ ಒಂಬತ್ತು, ನನ್ನವು ಎಂಟು. "ಹಿಂಗ ನೋಡಿದ್ರೂ ನೀನೇ ಹಿಂದ ಅದಿಯಲ್ಲೇ" ಅಂತ ನಕ್ರು.

"ನಿಲ್ರಿ ಸರ್! ನಾಕು ಸಲ ಎದುರಿನಾಕಿ ಬರೇ ಕೆಟ್ಟ ಚೆಂಡು ಒಗದು, ನಾನು ಬೀಸದ ಪುಕ್ಕಟ ಮೊದಲ್ನೇ ಮೂಲಿಗೆ ಹೋಗೀನಿ. ಅವು ನಾಕು ಪಾಳ್ಯಾಗ ಬರಂಗಿಲ್ಲ" ಅಂದೆ. ನಿನಗ ತಿಳಿಯೋ ಹಂಗ ಹೇಳ್ತೀನಿ ಅಕ್ಕ. ಹದಿನಾರು ರೊಟ್ಟಿ ಬಡದಿ, ಎಂಟು ಉಬ್ಬಿದ್ವು. ಬಾಜೂ ಮನಿಯಾಕಿ ನಾಕು ತಂದು ಕೊಟ್ಲು. ನಿನ್ನ ಕೈ ಲೆಕ್ಕ ಹದಿನಾರರಾಗ ಎಂಟೋ, ಇಪ್ಪತ್ತರಾಗ ಎಂಟೋ? ಹದಿನಾರರಾಗ ಎಂಟಂದ್ರ ಸರಿ ಅರ್ಧ. ಇಪ್ಪತ್ತರಾಗ ಒಂಬತ್ತು ಅರ್ಧಕ್ಕಿಂತ ಕಡಿಮಿ.

"ಯಾರು ಹೇಳಿದ್ರು ನಿನಗ ಈ ಕಾಯಿದಿ?" ಅಂದ್ರು ಮಾಸ್ತರು. ಟೀಚರಮ್ಮ ಕಲಿಸಿದ್ಲು ಅಂದೆ. ಆಕಿ ಈಗ ಎಲ್ಲಿದಾಳೋ ಏನೋ! ಈ ಲೆಕ್ಕ ಹೇಳಿಕೊಟ್ಟಾಗ ನನ್ನ ಜೊತಿಗಿದ್ದಾಕಿ ಇಂದಿರಾಬಾಯಿ ಒಬ್ಬಾಕೇ. ತಿರುಮಲಮ್ಮನೋರು ಅಕಿ ಕಡೆ ತಿರುಗಿ "ಖರೇ ಏನು?" ಅಂತ ಕೇಳಿದ್ರು. ಇಲ್ಲ ಅಂದಿದ್ರ ನೌಕರಿ ಅಕೀದೇ. ಅಕಿ ಸೆರಗು ತಿರುವಿಕೋತ ಬೋರ್ಡಿನ ಮ್ಯಾಲ ತನ್ನ ಹೆಸರು ನೋಡಿದ್ಲು.

"ಖರೇ ಅದರಿ" ಅಂದ್ಲು. "ಅಂಥ ಚೆಂಡು ಬಿಟ್ಟು ನಿಲ್ಲಲಿಕ್ಕೆ ತಾಳ್ಮಿ ಬೇಕು. ನಾನಾಗಿದ್ರ ಅವಕ್ಕೂ ಬೀಸ್ತಿದ್ದೆ."

ಬಂಗಾರದಂಥ ಹುಡುಗಿ ಅಕ್ಕ! ತಬ್ಬಿಕೊಂಡು ಅತ್ತುಬಿಟ್ಟೆ. ರಾಘಣ್ಣ ಮಾಸ್ತರು ತಾವೇ ಭಾಗಿಸಿ, ನನ್ನ ಹೆಸರಿನ ಮುಂದ ದೊಡ್ಡದಾಗಿ ಅರ್ಧ ಅಂತ ಬರದು, "ಶಭಾಷ್ ಲೇ ಜಂಬಮ್ಮ!" ಅಂತ ಒದರಿದ್ರು. ಹುಡುಗ್ಯಾರು ನನ್ನ ಎತ್ತಿಕೊಂಡು ಮೈದಾನ ತುಂಬ ಕುಣದ್ರು. ಇವತ್ತು ಆರ್ಡರ್ ಕೈಗೆ ಬಂತು. ಹತ್ತು ಸಲ ಓದೀನಿ, ಇನ್ನೂ ಓದಬೇಕು ಅನಸ್ತೈತಿ.

ಬರೋ ಅಮಾಸಿ ಕಳದ ಮ್ಯಾಲ ಬರ್ತೀನಿ. ಮಾವಗ ನನ್ನ ನಮಸ್ಕಾರ ಹೇಳು. ನಿನ್ನ ಹಸ್ತ ನನ್ನ ತಲಿ ಮ್ಯಾಲ ಇರ್ಲಿ, ನನ್ನ ಪಾರಿ ನೂರು ವರ್ಷ ಬಾಳ್ಲಿ.

ನಿನ್ನ ತಂಗಿ,
ಜಂಬಮ್ಮ

ತಾ.ಕ.: ಅಕ್ಕ, ಹೋದ ಸಲ ನಾನು ಬಂದಾಗ ಪಾರಿ ನಿನ್ನ ಸೀರಿ ಹಿಡಕೊಂಡು "ಅವ್ವಾ, ಚಿಗವ್ವ ಯಾವಾಗ ಹೋಗ್ತಾಳ?" ಅಂತ ಕೇಳಿದ್ಲು. ನೀನು ನನ್ನ ಮುಖ ನೋಡ್ಲಿಲ್ಲ. ನಾನು ನನ್ನ ಗಂಟು ಕಟ್ಟಾಕ ಹತ್ತಿದೆ. ಸಾಕಿದಾಕಿ ನೀನು, ಅವ್ವ ಅಂತ ನಿನ್ನನ್ನೇ ಕರೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾನು ಬರೋದ್ರೊಳಗ ಅಕಿಗೆ ಹೇಳಿಬಿಡು, ಹಡೆದಾಕಿ ನಾನು ಅಂತ. ನೀನೇ ಹೇಳು ಅಕ್ಕ. ನಾನು ಹೇಳಿದ್ರ ಅಕಿ ನಂಬಂಗಿಲ್ಲ.